ಚೆನ್ನಬಸಯ್ಯನವರು ಬೇಡ ಎಂದದ್ದು

"ಗುರುಗಳೇ, ಹಲವರಿಗೆ ಒಳಿತಾಗುವುದಾದರೆ ಒಬ್ಬರನ್ನು ಬಲವಂತಪಡಿಸುವುದು ತಪ್ಪೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯೆ ಇದ್ದಳು. ಮರೆವಿನ ಕಾಯಿಲೆಗೆ, ಅದೇ ಆಲ್ಝೈಮರ್ಸ್ ಎನ್ನುತ್ತಾರಲ್ಲ, ಅದಕ್ಕೆ ಹೊಸದೊಂದು ಔಷಧವನ್ನು ಪರೀಕ್ಷಿಸುವುದು ಅವಳ ಕೆಲಸ. ರೋಗಿಗಳಲ್ಲಿ ಅರ್ಧ ಜನಕ್ಕೆ ಔಷಧ, ಉಳಿದವರಿಗೆ ಬರಿಯ ಉಪ್ಪುನೀರು. ಯಾರಿಗೆ ಯಾವುದು ಹೋಗುತ್ತಿದೆ ಎಂಬುದು ರೋಗಿಗೂ ತಿಳಿಯದು, ವೈದ್ಯೆಗೂ ತಿಳಿಯದು. ಮೊದಲಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಬೆನ್ನಿಗೆ ಸೂಜಿ ಚುಚ್ಚಿ ಬೆನ್ನುಹುರಿಯ ಸುತ್ತಲಿನ ನೀರನ್ನು ತೆಗೆದು ಹೋಲಿಸಿ ನೋಡಬೇಕು. ಆಗ ಮಾತ್ರ ಔಷಧ ಕೆಲಸ ಮಾಡಿತೋ ಇಲ್ಲವೋ ಎಂದು ಹೇಳಬಹುದು.

ಆ ರೋಗಿಗಳಲ್ಲಿ ಚೆನ್ನಬಸಯ್ಯ ಎಂಬವರು ಒಬ್ಬರು. ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಅವರ ತಂದೆಗೂ ಇದೇ ಕಾಯಿಲೆ ಬಂದಿತ್ತು. ಚೆನ್ನಬಸಯ್ಯನವರನ್ನು ಆಸ್ಪತ್ರೆಗೆ ಕರೆತರುತ್ತಿದ್ದವಳು ಮಗಳು ಗಂಗಾಂಬಿಕೆ. ಪರೀಕ್ಷೆಗೆ ಸೇರುವಾಗ ಅವರಿಗೆ ಇನ್ನೂ ತಿಳಿವಳಿಕೆ ಇತ್ತು. ತಾವೇ ಓದಿ ಸಹಿ ಹಾಕಿದರು. "ನನಗೆ ಉಪಯೋಗವಾಗದಿದ್ದರೂ ಪರವಾಗಿಲ್ಲ, ಇವಳಿಗಾದರೂ ಆಗಲಿ" ಎಂದು ಮಗಳನ್ನು ತೋರಿಸಿದರು.

ಸಹಿ ಇದ್ದರೂ ವೈದ್ಯೆ ಪ್ರತಿ ಸಲ ಸೂಜಿ ಚುಚ್ಚುವ ಮೊದಲೂ ಕೇಳುತ್ತಿದ್ದಳು. ತಾನು ಯಾರು, ಏನು ಮಾಡಲಿದ್ದೇನೆ, ಎಷ್ಟು ನೋಯುತ್ತದೆ ಎಂದು ಮೊದಲಿನಿಂದ ಹೇಳಿ, "ಮಾಡಲೇ?" ಎನ್ನುವಳು. ಅವರು ಹೊಸಬರಂತೆ ಕೇಳಿಸಿಕೊಂಡು "ಆಗಲಿ, ಮಾಡಿ" ಎನ್ನುವರು. ಬರಬರುತ್ತ ಅವರಿಗೆ ವೈದ್ಯೆಯ ಗುರುತು ಹೋಯಿತು. ಮಗಳ ಹೆಸರೂ ಹೋಯಿತು. ವೈದ್ಯೆ ಕೇಳುವುದನ್ನು ಬಿಡಲಿಲ್ಲ. ಜೊತೆಗೆ ಕೆಲಸ ಮಾಡುವವರಿಗೆ ಇದು ವೃಥಾ ಕಾಲಹರಣವಾಗಿ ಕಂಡಿತು.

ಕೊನೆಯ ಸಲ ನೀರು ತೆಗೆಯುವ ದಿನ ಬಂತು. ಅಷ್ಟರಲ್ಲಿ ಕೆಲವು ರೋಗಿಗಳು ತೀರಿಕೊಂಡಿದ್ದರು, ಕೆಲವರು ಊರು ಬಿಟ್ಟಿದ್ದರು. ಇನ್ನೊಬ್ಬರು ಕಡಿಮೆಯಾದರೆ ಫಲಿತಾಂಶವನ್ನು ಯಾರೂ ಒಪ್ಪುವಂತಿರಲಿಲ್ಲ. ವೈದ್ಯೆ ಎಂದಿನಂತೆ ಎಲ್ಲವನ್ನೂ ಹೇಳಿ ಕೇಳಿದಳು. ಚೆನ್ನಬಸಯ್ಯನವರು ಸೂಜಿಯನ್ನು ನೋಡಿದರು. ಬೆನ್ನನ್ನು ಗೋಡೆಗೆ ಒತ್ತಿಕೊಂಡು "ಬೇಡ" ಎಂದರು.

ವೈದ್ಯೆಗೆ ಆಸೆ ಇರಲಿಲ್ಲವೆಂದಲ್ಲ. ತನ್ನ ವಯಸ್ಸಿನ ಒಳ್ಳೆಯ ಭಾಗವನ್ನು ಅವಳು ಈ ಔಷಧಕ್ಕೆ ಕೊಟ್ಟಿದ್ದಳು.  ಆದರೂ ಸೂಜಿಯನ್ನು ಕೆಳಗಿಟ್ಟಳು.

ಗಂಗಾಂಬಿಕೆ ಎದ್ದು ಬಂದಳು. "ಡಾಕ್ಟರೇ, ಬುದ್ಧಿ ನೆಟ್ಟಗಿದ್ದಾಗ ಅಪ್ಪ ಒಪ್ಪಿದ್ದಾರೆ. ಈಗ ಬೇಡ ಅನ್ನುತ್ತಿರುವುದು ಕಾಯಿಲೆ, ಅವರಲ್ಲ. ನಾನು ಹಿಡಿದುಕೊಳ್ಳುತ್ತೇನೆ, ನೀವು ತೆಗೆಯಿರಿ. ನಾಳೆ ಇದು ನನಗೂ ಬರಬಹುದು."

"ಹೆದರಿಕೊಂಡಿರುವುದು ಕಾಯಿಲೆಯಲ್ಲಮ್ಮ, ಅವರೇ" ಎಂದಳು ವೈದ್ಯೆ.

ಒಂದು ವಾರ ಬಿಟ್ಟು ಮತ್ತೆ ಕರೆಸಿ ಕೇಳಿದಳು. ಹಿಂದೆ ಬೇಡವೆಂದದ್ದು ಅವರಿಗೆ ನೆನಪಿರಲಿಲ್ಲ. ಆದರೂ ಬೇಡವೆಂದೇ ಹೇಳಿದರು. "ಸೊಂಟನೋವಿಗೆ ಇಂಜೆಕ್ಷನ್ ಅಂತ ಹೇಳಿದರೆ ಸುಮ್ಮನೆ ಮಲಗುತ್ತಾರೆ" ಎಂದು ನರ್ಸ್ ಮೆಲ್ಲಗೆ ಹೇಳಿದಳು. ವೈದ್ಯೆ ಅದಕ್ಕೆ ಒಪ್ಪದೆ, ಅವರನ್ನು ಮನೆಗೆ ಕಳುಹಿಸಿದಳು. ಗಂಗಾಂಬಿಕೆ ತಂದೆಯ ಕೈ ಹಿಡಿದು ಹೊರಟಳು. 

ಪರೀಕ್ಷೆ ಅಲ್ಲಿಗೆ ನಿಂತಿತು. ಆ ಔಷಧ ಕೆಲಸ ಮಾಡುತ್ತಿತ್ತೋ ಇಲ್ಲವೋ, ಇಂದಿಗೂ ಯಾರಿಗೂ ಗೊತ್ತಿಲ್ಲ. ಮರುವರ್ಷ ಚೆನ್ನಬಸಯ್ಯನವರು ತೀರಿಕೊಂಡರು. ವೈದ್ಯೆ ಬೇರೊಂದು ಔಷಧವನ್ನು ಹಿಡಿದು ಮೊದಲಿನಿಂದ ಆರಂಭಿಸಿದಳು.

ಕೆಲವು ವರ್ಷಗಳು ಕಳೆದವು. ಗಂಗಾಂಬಿಕೆಗೆ ಮಾತಿನ ನಡುವೆ ಪದಗಳು ತಪ್ಪತೊಡಗಿದವು. ಒಂದು ದಿನ ತನ್ನದೇ ಬೀದಿಯ ತಿರುವಿನಲ್ಲಿ ನಿಂತು, ಮನೆ ಯಾವ ಕಡೆ ಎಂದು ಕೇಳಿದಳು. ಮರುದಿನ ಅದೇ ವೈದ್ಯೆಯ ಬಳಿಗೆ ಹೋದಳು.

"ಅಂದು ಅಪ್ಪನಿಂದ ತೆಗೆದಿದ್ದರೆ ಇಂದು ನನಗೆ ಔಷಧ ಇರುತ್ತಿತ್ತೇ?" ಎಂದು ಕೇಳಿದಳು.

"ಇರಬಹುದಿತ್ತು. ಇಲ್ಲದೆಯೂ ಇರಬಹುದಿತ್ತು. ನನಗೆ ಗೊತ್ತಿಲ್ಲ" ಎಂದಳು ವೈದ್ಯೆ.

ಗಂಗಾಂಬಿಕೆ ಅತ್ತಳು. ಸಿಟ್ಟೂ ಮಾಡಿದಳು. ಆ ಊರಿನಲ್ಲಿ, ವೈದ್ಯೆ ಈಗ ಹಿಡಿದಿದ್ದ ಹೊಸ ಔಷಧವನ್ನೇ ಪರೀಕ್ಷಿಸುತ್ತಿದ್ದ ದೊಡ್ಡ ಆಸ್ಪತ್ರೆಯೊಂದಿತ್ತು, ಅವಳ ಮನೆಗೆ ಹತ್ತಿರವೂ ಆಗಿತ್ತು. ಅಲ್ಲಿಗೆ ಹೋಗುವಂತೆ ಮನೆಯವರೆಲ್ಲ ಹೇಳಿದರು. ಅವಳು ಹೋಗಲಿಲ್ಲ. "ನಿಮ್ಮ ಹತ್ತಿರವಾದರೆ ಪರೀಕ್ಷೆಗೆ ಸೇರುತ್ತೇನೆ" ಎಂದು ವೈದ್ಯೆಯ ಮುಂದೆ ಸಹಿ ಹಾಕಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಆದರೆ ಗುರುಗಳೇ, ಆ ಹಿರಿಯರು ಸಂಜೆಯೊಳಗೆ ಎಲ್ಲವನ್ನೂ ಮರೆತುಬಿಡುತ್ತಿದ್ದರು. ಹಿಡಿದುಕೊಂಡು ತೆಗೆದಿದ್ದರೆ ಏನು ಹೋಗುತ್ತಿತ್ತು?"

ಗುರುಗಳು ಹೇಳಿದರು: "ಅವರು ಸಂಜೆಗೆ ಮರೆಯುತ್ತಿದ್ದರು, ಹಿಡಿದುಕೊಂಡವರು ಯಾವಾಗ ಮರೆಯುತ್ತಿದ್ದರು?"