ಹತ್ತಕ್ಕೆ ಎರಡು

ಹೊಳೆಯ ದಂಡೆಯಲ್ಲಿ ಗುರು ಮಡಿವಾಳಯ್ಯನವರ ಮಠವಿತ್ತು. ದಿನಕ್ಕೆ ಐವತ್ತು ಜನ ಊಟಕ್ಕೆ ಕೂಡುತ್ತಿದ್ದರು. ಒಬ್ಬೊಬ್ಬರಿಗೆ ಎರಡು ಜೋಳದ ರೊಟ್ಟಿ. ಅಡುಗೆ ದ್ಯಾಮವ್ವನದು, ಉಗ್ರಾಣ ಶಿಷ್ಯ ಸೋಮಲಿಂಗನದು.

ಒಮ್ಮೆ ಹೊಳೆ ತುಂಬಿತು. ಹಿಟ್ಟು ತರುವ ದೋಣಿ ನಿಂತಿತು.

ಗುರುಗಳು ಹೇಳಿದರು. "ನೂರಕ್ಕೆ ಇಪ್ಪತ್ತು ರೊಟ್ಟಿ ಕಡಿಮೆ ಮಾಡಿಸು."

ಸೋಮಲಿಂಗ ಅಡುಗೆಮನೆಗೆ ಹೋದ. "ಅಕ್ಕಾ, ಹತ್ತಕ್ಕೆ ಎರಡರಂತೆ ಕಡಿಮೆ ಮಾಡು."

ದ್ಯಾಮವ್ವ ಎಂಬತ್ತು ರೊಟ್ಟಿ ತಟ್ಟಿದಳು. ತಲೆಗೆ ಒಂದೂವರೆ ಬಂತು. ಮಿಕ್ಕ ಐದನ್ನು ಮಕ್ಕಳಿಗೆ ಹಂಚಿದರು.

ವಾರದ ಮೇಲೆ ನೀರು ಇಳಿಯಿತು. ಅಂಬಿಗ ಈರಪ್ಪ ಹಿಟ್ಟಿನ ಚೀಲಗಳನ್ನು ತಂದು ಇಳಿಸಿದ.

"ಇನ್ನು ಮೊದಲಿನಂತೆ ಆಗಲಿ" ಎಂದರು ಗುರುಗಳು.

ಸೋಮಲಿಂಗ ಮತ್ತೆ ಅಡುಗೆಮನೆಗೆ ಹೋದ. "ಅಕ್ಕಾ, ಈಗ ಮಾಡುತ್ತಿರುವುದಕ್ಕೆ ಹತ್ತಕ್ಕೆ ಎರಡರಂತೆ ಸೇರಿಸು."

"ಆಗಲಿ, ತಮ್ಮಾ."

ಅಂದು ಎಲ್ಲರಿಗೂ ಎರಡೆರಡು ಬಡಿಸುತ್ತ ಬಂದರು. ಸಾಲಿನ ಕೊನೆಗೆ ಎಂದಿನಂತೆ ಈರಪ್ಪ ಮತ್ತು ಅವನ ಹೆಂಡತಿ ಕೂತಿದ್ದರು. ಅಲ್ಲಿಗೆ ಬರುವಷ್ಟರಲ್ಲಿ ಬುಟ್ಟಿ ಬರಿದಾಗಿತ್ತು.

ಗಂಡ ಹೆಂಡತಿ ನೀರು ಕುಡಿದು ಎದ್ದು ಹೋದರು.

ಸೋಮಲಿಂಗನ ಮುಖ ಕೆಂಪಾಯಿತು. ಎಲ್ಲರೆದುರಿಗೆ ಕೇಳಿದ. "ನಾಲ್ಕು ರೊಟ್ಟಿ ಎಲ್ಲಿ ಬಚ್ಚಿಟ್ಟೆ, ಅಕ್ಕಾ?"

ದ್ಯಾಮವ್ವ ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟಳು. "ನೀನು ಹೇಳಿದಷ್ಟೇ ಮಾಡಿದ್ದೇನೆ" ಎಂದು ಒಳಗೆ ಹೋದಳು.

ಸೋಮಲಿಂಗ ಗುರುಗಳ ಬಳಿ ಬಂದ. "ಅಜ್ಜಾರೆ, ಹತ್ತಕ್ಕೆ ಎರಡು ತೆಗೆಸಿದೆ. ಹತ್ತಕ್ಕೆ ಎರಡು ಹಾಕಿಸಿದೆ. ನಾಲ್ಕು ಕಡಿಮೆ ಬಂತು. ಕದಿಯದೆ ಹೇಗೆ ಕಡಿಮೆಯಾಗುತ್ತದೆ?"

"ನೂರು ಹರಳು ಆರಿಸಿ ತಾ" ಎಂದರು ಅವರು.

ತಂದ. ಮರಳಿನ ಮೇಲೆ ಸಾಲಿಗೆ ಹತ್ತರಂತೆ ಜೋಡಿಸಲು ಹೇಳಿದರು. ಹತ್ತು ಸಾಲಾಯಿತು.

"ಸಾಲಿಗೆ ಎರಡು ತೆಗೆ."

ತೆಗೆದ. ಇಪ್ಪತ್ತು ಹರಳು ಬೊಗಸೆ ಸೇರಿದವು.

"ಉಳಿದದ್ದನ್ನು ಮತ್ತೆ ಹತ್ತು ಹತ್ತರಂತೆ ಜೋಡಿಸು."

ಈಗ ಎಂಟೇ ಸಾಲಾಯಿತು.

"ಸಾಲಿಗೆ ಎರಡು ಹಾಕು."

ಹಾಕುತ್ತ ಹೋದ. ಎಂಟನೆಯ ಸಾಲು ಮುಗಿಯಿತು. ಕೈಯಲ್ಲಿ ನಾಲ್ಕು ಹರಳು ಉಳಿದಿದ್ದವು.

ಸೋಮಲಿಂಗ ಅಂಗೈ ನೋಡಿದ. ಸಾಲುಗಳನ್ನು ನೋಡಿದ. ಎರಡು ಸಲ ಎಣಿಸಿದ.

"ಈ ನಾಲ್ಕನ್ನು ಯಾರು ಕದ್ದರು?" ಎಂದು ಕೇಳಿದರು ಗುರುಗಳು.

"ನನಗೆ ತಿಳಿಯುತ್ತಿಲ್ಲ, ಅಜ್ಜಾರೆ. ಲೆಕ್ಕ ಒಂದೇ ಅಲ್ಲವೇ?"

"ಲೆಕ್ಕ ಒಂದೇ. ತೆಗೆಯುವಾಗ ಎಷ್ಟಿದ್ದವು?"

"ನೂರು."

"ಹಾಕುವಾಗ?"

ಸೋಮಲಿಂಗ ಎಂಟು ಸಾಲುಗಳ ಮೇಲೆ ಬೆರಳಾಡಿಸಿದ. "ಎಂಬತ್ತು" ಎಂದ. ಬೆರಳು ಮಡಚಿ ಎಣಿಸಿದ. "ಹಾಗಾದರೆ ಹತ್ತಕ್ಕೆ ಎರಡೂವರೆ ಹಾಕಿಸಬೇಕಿತ್ತು. ನೂರಕ್ಕೆ ಇಪ್ಪತ್ತೈದು."

ಗುರುಗಳು ಎದ್ದು ಸ್ನಾನಕ್ಕೆ ಹೋದರು.

ಮರುದಿನ ನೂರು ರೊಟ್ಟಿ ಆದವು. ಸೋಮಲಿಂಗ ಮೊದಲು ಈರಪ್ಪನಿಗೂ ಅವನ ಹೆಂಡತಿಗೂ ತಾನೇ ಬಡಿಸಿದ. ಆಮೇಲೆ ಎಲ್ಲರೆದುರಿಗೆ ದ್ಯಾಮವ್ವನಿಗೆ ಕೈ ಮುಗಿದ. "ತಪ್ಪು ನನ್ನದು, ಅಕ್ಕಾ. ನೀನು ಕದ್ದಿರಲಿಲ್ಲ."

"ಇರಲಿ ಬಿಡಿ" ಎಂದಳು ಅವಳು.

ಅಂದಿನಿಂದ ಅವಳು ಅವನನ್ನು "ನೀವು" ಎನ್ನತೊಡಗಿದಳು. ಅವನು ಹಿಟ್ಟು ಕೊಡಲು ಬಂದರೆ, ಒಂದೊಂದು ಬಟ್ಟಲನ್ನೂ ಅವನೆದುರೇ ಎಣಿಸಿ ತೆಗೆದುಕೊಳ್ಳುತ್ತಿದ್ದಳು. "ಬಾ, ಬಿಸಿ ರೊಟ್ಟಿ ತಿನ್ನು" ಎಂದು ಕರೆಯುವುದು ನಿಂತುಹೋಯಿತು.

ಹದಿನೈದು ದಿನ ನೋಡಿದ ಸೋಮಲಿಂಗ, ಗುರುಗಳ ಎದುರಿಗೆ ಬಂದು ಕೂತ.

"ಅಜ್ಜಾರೆ, ಜನರೆದುರಿಗೆ ಒಂದು ಮಾತು ಅಂದೆ. ಜನರೆದುರಿಗೇ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಆದರೂ ಮೊದಲಿನಂತೆ ಆಗುತ್ತಿಲ್ಲ. ಇನ್ನೆಷ್ಟು ಹಾಕಬೇಕೋ ತಿಳಿಯುತ್ತಿಲ್ಲ."

ಗುರುಗಳು ಅಡುಗೆಮನೆಯ ಕಡೆ ನೋಡಿದರು. ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು.

"ನೀನು ತೆಗೆದದ್ದು ಅವಳ ಮನಸ್ಸು ತುಂಬಿದ್ದಾಗ. ಈಗ ಹಾಕುತ್ತಿರುವುದು ಎಷ್ಟಕ್ಕೆ?"