ಗೋಪುರದ ಬುಡದಲ್ಲಿ ಇನ್ನಾಸಿ ಸ್ವಾಮಿಗಳು

ಬಿಳಿಕಲ್ಲುಪಾಳ್ಯದ ಮಾತೆಯ ಪುರಾತನ ಚರ್ಚು ಕುಸಿದ ಮೇಲೆ ಉಳಿದದ್ದು ಗಂಟೆಗೋಪುರವೊಂದೇ. ಅದರ ಬುಡಕ್ಕೆ ತಗಡಿನ ಮಾಡು ಇಳಿಸಿಕೊಂಡು ಆ ಚರ್ಚಿನ ಪಾದ್ರಿ ಪೂಜ್ಯ ಇನ್ನಾಸಿ ಸ್ವಾಮಿಗಳು ವಾಸವಾಗಿದ್ದರು. ಒಂದು ಚಾಪೆ, ಒಂದು ಹೂಜಿ, ಜಪಸರ, ಇಷ್ಟೇ ಅವರ ಆಸ್ತಿ.

ಚರ್ಚು ಕುಸಿದದ್ದು ಮಾತೆಯ ಹಬ್ಬದ ಬೆಳಿಗ್ಗೆ, ಪೂಜೆಯ ನಡುವೆ. ಹನ್ನೊಂದು ಮಂದಿ ಅಸುನೀಗಿದರು. ಅಷ್ಟು ದೊಡ್ಡ ಕಟ್ಟಡ ನೆಲಕಚ್ಚಿದರೂ ಗೋಪುರ ಅಲುಗಲಿಲ್ಲವಲ್ಲ ಎಂದು ಜನ ಬೆರಗಾದರು. ಇದು ಸ್ವಾಮಿಗಳ ತಪಸ್ಸಿನ ಪವಾಡವೆಂಬ ಮಾತು ಹಬ್ಬಿ, ದೂರದೂರುಗಳಿಂದ ಭಕ್ತರು ಮೇಣದ ಬತ್ತಿ ಹಿಡಿದು ಬರತೊಡಗಿದರು. ಸ್ವಾಮಿಗಳು ಬೇಡವೆಂದು ಕೈಮುಗಿದರು. ಜನ ಅದನ್ನು ವಿನಯವೆಂದೇ ತಿಳಿದರು.

ಸತ್ತವರಲ್ಲಿ ಗಾರೆ ಮೇಸ್ತ್ರಿ ಚೌರಪ್ಪನ ಹದಿನಾಲ್ಕು ವರ್ಷದ ಮಗಳು ಅಗ್ನೇಸಮ್ಮಳೂ ಒಬ್ಬಳು. ಅಂದು ಅವಳು ಬಲಿಪೀಠದ ಬಳಿ ನಿಂತು ಹಾಡುತ್ತಿದ್ದಳು. ಅವಳನ್ನು ಕಲ್ಲಿನಡಿಯಿಂದ ಎತ್ತಿದವನು ತಂದೆಯೇ. ಮೂರು ತಿಂಗಳ ನಂತರ, ಒಂದು ಮಧ್ಯಾಹ್ನ, ಚೌರಪ್ಪ ಗೋಪುರದ ಬಳಿ ಬಂದು ಭಕ್ತರೆದುರಿಗೇ ಕೇಳಿದ:

“ಸ್ವಾಮಿ, ಕಲ್ಲನ್ನು ಕಾಪಾಡಿದ ದೇವರಿಗೆ ನನ್ನ ಮಗಳು ಕಾಣಿಸಲಿಲ್ಲವಾ?”

ಭಕ್ತರು ಅವನನ್ನು ಆಚೆಗೆ ತಳ್ಳಲು ನೋಡಿದರು. ಸ್ವಾಮಿಗಳು ಅವರನ್ನು ತಡೆದು, ಎದ್ದು ಬಂದು ಅವನೆದುರು ನಿಂತರು.

“ಗೋಪುರಕ್ಕೆ ಬೇರೆ ಪಾಯ ಇತ್ತು, ನಿಂತಿತು. ದೇವರನ್ನು ಬೈಯಬೇಡ ಚೌರಪ್ಪ. ಚರ್ಚಿನ ಗೋಡೆ ಬಿರುಕು ಬಿಟ್ಟದ್ದನ್ನು ನಾನು ನೋಡಿದ್ದೆ. ಹಬ್ಬ ಮುಗಿಯಲಿ ಅಂತ ಸುಮ್ಮನಿದ್ದೆ.”

ಚೌರಪ್ಪ ಕೈ ಎತ್ತಿದ. ಸ್ವಾಮಿಗಳು ಮುಖ ತಿರುಗಿಸಲಿಲ್ಲವೆಂದು ಕಂಡವರು ಹೇಳುತ್ತಾರೆ. ಎತ್ತಿದ ಕೈ ಹಾಗೇ ಇಳಿಯಿತು. ಮಗಳು ಸತ್ತ ದಿನವೂ ಅಳದಿದ್ದ ಆ ಮನುಷ್ಯ ಅಲ್ಲೇ ಕುಸಿದು ಕೂತು ಅತ್ತ.

ಸ್ವಾಮಿಗಳು ಅದೇ ವಾರ ಹನ್ನೊಂದು ಮನೆಗಳಿಗೂ ಹೋಗಿ ಅದೇ ಮಾತು ಹೇಳಿದರು. ಕೆಲವರು ಬಾಗಿಲು ಹಾಕಿಕೊಂಡರು, ಒಬ್ಬಾಕೆ ಉಗಿದಳು. ಕೆಲವರು ಬಾಗಿಲು ಹಾಕಿಕೊಂಡರು, ಒಬ್ಬಾಕೆ ಉಗಿದಳು. ಬತ್ತಿ ಹಚ್ಚುವವರು ಮತ್ತೆ ಬರಲಿಲ್ಲ. ಊರಿಗೆ ಸುಳ್ಳು ಪವಾಡ ಬೇಕಿತ್ತೇ ಹೊರತು ನಿಜ ಹೇಳುವ ಗುರು ಬೇಕಿರಲಿಲ್ಲ.

ಬಂದವನು ಚೌರಪ್ಪ ಒಬ್ಬನೇ. ಸ್ವಾಮಿಗಳು ಹಾಸಿಗೆ ಹಿಡಿದಾಗ ಮೈ ಒರೆಸಿ, ಗಂಜಿ ಕುಡಿಸಿ ನೋಡಿಕೊಂಡವನೂ ಅವನೇ. ಕೊನೆಯ ದಿನಗಳಲ್ಲೊಮ್ಮೆ ಅವರು, ತನ್ನನ್ನು ಕ್ಷಮಿಸಿದೆಯಾ ಎಂದು ಕೇಳಿದರಂತೆ.

“ಇಲ್ಲ ಸ್ವಾಮಿ,” ಎಂದ ಚೌರಪ್ಪ. ಆಮೇಲೆ ಅವರ ತಲೆಯನ್ನು ತನ್ನ ತೋಳಿಗೆ ಆನಿಸಿಕೊಂಡು, ಇನ್ನೊಂದು ಗುಟುಕು ಗಂಜಿ ಕುಡಿಸಿದ.