ಕಿವಿಗುಂಡಿನ ಸೂತ್ರಗಂಗೆಯ ಮಹಿಮೆ

ಕಲ್ಲಿಗೂ ಕಿವಿಯುಂಟೆಂದು ಶಿಲ್ಪಿಗಳು ದೃಢವಾಗಿ ನಂಬಿದ್ದ ಪುರಾತನ ಯುಗದಲ್ಲಿ, ಹೆಬ್ಬಂಡೆಗಳೇ ಒಂದರ ಮೇಲೊಂದು ಕುಳಿತು ಗಿರಿಯಾಗಿರುವ ಈ ಕಿವಿಗುಂಡು ಕ್ಷೇತ್ರಕ್ಕೆ, ವಾಸ್ತುವಿದ್ಯಾಪಾರಂಗತನೂ ದೇಶಾಂತರಸಂಚಾರಪ್ರಿಯನೂ ಆದ ಕೇತೋಜನೆಂಬ ಸ್ಥಪತಿಯು ಆಗಮಿಸಿದನು. ಅವನ ಹೆಗಲ ಮೇಲೆ ಏನಿತ್ತು ಬಲ್ಲಿರಾ, ಭಕ್ತರೇ? ಸಮಸ್ತ ಭೂಮಂಡಲವೇ ಇತ್ತು! ಪಡುವಣ ಗಿರಿಗಳ ಗುಹಾಲಯಗಳು, ಸಿಂಹಳದ ಸ್ತೂಪಗಳು, ಕಾಂಭೋಜದ ಪಂಚಶಿಖರ ದೇಗುಲಗಳು, ಯವನರ ಅಮೃತಶಿಲೆಯ ಸ್ತಂಭಮಂಟಪಗಳು, ಮಿಸ್ರದೇಶದ ಮರಳಿನಲ್ಲಿ ನಿಂತ ಮುಮ್ಮೂಲೆಯ ಮಹಾಗೋಪುರಗಳು, ಇವೆಲ್ಲವನ್ನೂ ಹನ್ನೆರಡು ವರ್ಷ ಅಲೆದು ಕಣ್ಣಾರೆ ಕಂಡು, ಒಂದೊಂದರ ಪ್ರಮಾಣವನ್ನೂ ತನಗಷ್ಟೇ ತಿಳಿಯುವ ಒಂದೊಂದು ಗಂಟಾಗಿಸಿ, ಹೆಗಲಿನ ಅಳತೆಹುರಿಯಾದ ನಾರಿನ ಮಾನಸೂತ್ರದಲ್ಲಿ ಬಿಗಿದಿದ್ದನು. ಗಂಟುಗಳು ನೂರೆಂಟು. ನೂರೇಳು ಕಂಡ ಅದ್ಭುತಗಳಿಗೆ. ಮನೆ ಬಿಡುವಾಗಲೇ ಹಾಕಿದ ಮೊದಲನೆಯದು, ಅವನ್ನೆಲ್ಲ ಮೀರಿಸುವಂತೆ ತಾನು ಕಟ್ಟಲಿರುವ ದೇವಾಲಯಕ್ಕೆ. ಕಟ್ಟದಿದ್ದರೆ ಉಳಿಯನ್ನೇ ತ್ಯಜಿಸುವೆನೆಂಬುದು ಅವನ ಪ್ರತಿಜ್ಞೆ.

ಬಂಡೆಗೆ ಅರಿಸಿನ ಹಚ್ಚಿ, ಒಳಗೆ ವಾಸವಿರುವವರು ಎಡೆಗೊಡಬೇಕೆಂದು ಬೇಡಿ, ಒಂದು ದಿನ ಕಾದ ಬಳಿಕವೇ ಉಳಿಯಿಡುವುದು ಕಲ್ಲುಕುಟಿಗರ ಕಟ್ಟಳೆ. ಲೋಕವನ್ನೇ ಕಂಡುಬಂದ ಉತ್ಸಾಹದಲ್ಲಿ ಕೇತೋಜನಿಗೆ ಒಂದು ಗಳಿಗೆಯೂ ತಡೆಯಲಾಗಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟವೆಂದು ಹಿರಿಯರು ಸುಮ್ಮನೆ ಹೇಳಿಲ್ಲ. ಬಂಡೆಯ ಬುಡದ ಒರತೆಯಲ್ಲಿ ದನಗಳಿಗೆ ನೀರುಣಿಸುತ್ತಿದ್ದ ಮೈಲಕ್ಕನೆಂಬ ಗೊಲ್ಲಗಿತ್ತಿಯು, "ಯಪ್ಪಾ, ಕಲ್ಲಿಗೆ ಒಂದು ಮಾತು ಕೇಳ್ರಿ, ಅದರ ಹೊಟ್ಟ್ಯಾಗ ನೀರೈತಿ" ಎಂದು ಅಂಗಲಾಚಿದರೂ ಅವನು ಸುತ್ತಿಗೆಯೆತ್ತಿದನು. ಏಳನೆಯ ಪೆಟ್ಟಿಗೆ ಬಂಡೆಯು ನೆತ್ತಿಯಿಂದ ಬುಡದವರೆಗೆ ಬಿರಿಯಿತು. ಒರತೆಯು ಆ ಬಿರುಕಿನ ಪಾತಾಳಕ್ಕಿಳಿದು ಮಾಯವಾಯಿತು. ನೀರಿಗೆಂದು ಬಂದ ಮುನ್ನೂರು ದನಗಳು ಬರಿಯ ಕೆಸರನ್ನು ನೆಕ್ಕುತ್ತ ನಿಂತವು. ಆ ನೋಟ ಕಂಡ ಸ್ಥಪತಿಯು ಸುತ್ತಿಗೆಯನ್ನು ಬಿಸುಟು ಬಿರುಕಿನತ್ತ ಧಾವಿಸಿದನು.

ನೀರೆತ್ತಲು ಬಿರುಕಿಗೆ ಇಳಿಬಿಟ್ಟ ಮೈಲಕ್ಕನ ಹಗ್ಗವು ಅರ್ಧಕ್ಕೂ ಸಾಲಲಿಲ್ಲ. ಕೇತೋಜನು ಅದಕ್ಕೆ ತನ್ನ ಸೂತ್ರವನ್ನು ಜೋಡಿಸಿ, ಗಿಂಡಿ ಕಟ್ಟಿ ಇಳಿಬಿಟ್ಟನು, ಆದರೂ ಸಾಲದು! ಉದ್ದವೆಲ್ಲವೂ ಗಂಟುಗಳಲ್ಲಿ ಅಡಗಿತ್ತು. ಬಿಚ್ಚಿದರೆ ಹನ್ನೆರಡು ವರ್ಷದ ವಿದ್ಯೆಯೇ ನಾಶ. ಬಿಚ್ಚದಿದ್ದರೆ ಮೂಕಪ್ರಾಣಿಗಳ ಪ್ರಾಣನಾಶ. ಅವನು ಯವನರ ಮಂಟಪವನ್ನು ಹೆಸರು ಹೇಳಿ ಬಿಚ್ಚಿದನು. ಸಿಂಹಳವನ್ನು ಬಿಚ್ಚಿದನು, ಮಿಸ್ರವನ್ನು ಬಿಚ್ಚಿದನು. ನೂರೇಳೂ ಬಿಚ್ಚಿದ ಮೇಲೆ, ಬಿರುಕಿಗೆ ಕಿವಿಗೊಟ್ಟಿದ್ದ ಮೈಲಕ್ಕ, "ಇನ್ನೊಂದ ಮೊಳ ಬೇಕ್ರಿ, ಯಪ್ಪಾ" ಎಂದಳು. ಉಳಿದಿದ್ದುದು ಮೊದಲನೆಯ ಗಂಟು. ಅವನು ಗಳಗಳನೆ ಅಳುತ್ತಲೇ ಅದನ್ನೂ ಬಿಚ್ಚಿದನು.

ಗಿಂಡಿಯು ನೀರನ್ನು ಮುಟ್ಟಿದ ಕ್ಷಣವೇ, ಆಹಾ, ಭೋರ್ಗರೆಯುತ್ತ ಗಂಗೆಯು ಮೇಲೆದ್ದು ಬಿರುಕನ್ನು ತುಂಬಿ ತುಳುಕಿದಳು! ದನಗಳು ಮೂತಿಯಿಟ್ಟು ಕುಡಿಯುತ್ತಿರಲು ದಿವ್ಯವಾಣಿಯು ಮೊಳಗಿತು: "ವತ್ಸಾ, ನೀನು ನನಗಾಗಿ ಬಿಚ್ಚಿದ ದೇವಾಲಯದಲ್ಲಿ ನಾನು ನೆಲೆಸಿದ್ದೇನೆ. ಈ ಬಿರುಕೇ ನನ್ನ ಗರ್ಭಗೃಹ. ಇದರ ಮೇಲೆ ಯಾರೂ ಉಳಿಯಿಡದಿರಲಿ."

ಆ ಏಳು ಉಳಿಗುರುತುಗಳು ಇಂದಿಗೂ ಬಂಡೆಯ ನೆತ್ತಿಯಲ್ಲಿವೆ. ಅವುಗಳ ಪಕ್ಕದಲ್ಲಿ ತಮ್ಮ ಹೆಸರನ್ನೂ ಕೆತ್ತಲು ಹಂಬಲಿಸುವ ಮಹನೀಯರು ದಯಮಾಡಿ ಈ ಪುಣ್ಯಕಥೆಯನ್ನು ಮತ್ತೊಮ್ಮೆ ಮೊದಲಿನಿಂದ ಓದತಕ್ಕದ್ದು. ಉತ್ತರಾಯಣದ ಪುಣ್ಯದಿನದಂದು ಭಕ್ತರು ತಾವು ಕಂಡುಬಂದ ದೇಗುಲ, ಕೋಟೆ, ಮಸೀದಿ, ಅರಮನೆಗಳ ಹೆಸರಿನಲ್ಲಿ ಹಗ್ಗಕ್ಕೆ ಗಂಟು ಹಾಕಿ ತಂದು, ಆ ಹೆಸರುಗಳನ್ನು ಗಟ್ಟಿಯಾಗಿ ಕೂಗುತ್ತ ಬಿಚ್ಚಿ, ಹಗ್ಗಗಳನ್ನು ಜೋಡಿಸಿ ಗಿಂಡಿ ಇಳಿಸುತ್ತಾರೆ. ಆ ದಿನ ನೀರು ಒಂದಷ್ಟು ಆಳಕ್ಕೆ ಸರಿದಿರುತ್ತದೆ. ಹಗ್ಗ ಎಷ್ಟೇ ಉದ್ದವಿರಲಿ, ಪ್ರತಿವರ್ಷವೂ ಒಂದು ಮೊಳ ಕಡಿಮೆ ಬೀಳುತ್ತದೆ. ಆಗ ಗೊಲ್ಲರ ಮನೆಯ ಹಿರಿಯಳು ಬಿರುಕಿಗೆ ಕಿವಿಗೊಟ್ಟು, "ಇನ್ನೊಂದ ಮೊಳ ಬೇಕ್ರಿ" ಎನ್ನುತ್ತಾಳೆ. ನೆರೆದ ಸಾವಿರ ಜನರಲ್ಲಿ, ಬಿಚ್ಚದೆ ಒಂದು ಗಂಟನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡವರು ಯಾರೋ ಒಬ್ಬರು ಕಣ್ಣೊರೆಸಿಕೊಂಡು ಮುಂದೆ ಬರುತ್ತಾರೆ.